ಕಿಟ್ಟ ಹೇಳುವ ಕಥೆ

ಹೊಲ ಉಳುವಾಗ ಸಿಕ್ಕಿತೆಂದು ರೈತರು ಆಗಾಗ ನನ್ನ ಕೈಗೆ ಕಪ್ಪು ಗಟ್ಟಿಯೊಂದನ್ನು ಇಡುತ್ತಾರೆ. ಗಾತ್ರಕ್ಕೆ ಮೀರಿದ ಭಾರ, ಮೈಯೆಲ್ಲ ಗುಳ್ಳೆ, ಒಂದು ಬದಿಯಲ್ಲಿ ಆರಿದ ಬೆಲ್ಲದ ಪಾಕದಂತೆ ಸುಕ್ಕು. ಅದು ಕಬ್ಬಿಣದ ಕಿಟ್ಟ, ಅಂದರೆ ಅದಿರು ಕಾಯಿಸಿ ಕಬ್ಬಿಣ ತೆಗೆಯುವಾಗ ಬೇರ್ಪಡುವ ಕಸ. ಸಮಾಧಿಯಲ್ಲಿ ಸಿಕ್ಕ ಕತ್ತಿಗಿಂತ ನನಗೆ ಇದೇ ಹೆಚ್ಚು. ಕತ್ತಿ ಎಲ್ಲಿಂದಲೋ ಬಂದಿರಬಹುದು. ಕಿಟ್ಟವನ್ನು ಯಾರೂ ದೂರ ಹೊತ್ತು ತರುವುದಿಲ್ಲ.

ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಚ್ಚಿಗೆ ಹೊಯ್ಯಬಹುದು. ಕಬ್ಬಿಣಕ್ಕೆ 1538 ಡಿಗ್ರಿ ಬೇಕು. ಕಬ್ಬಿಣ ಮೊದಮೊದಲು ಬಂದ ಕಾಲದ ಮಣ್ಣಿನ ಕುಲುಮೆಗೆ ಅದು ನಿಲುಕದು. ಸುಮಾರು 1200 ಡಿಗ್ರಿಯಲ್ಲಿ ಕಿಟ್ಟ ನೀರಾಗಿ ಇಳಿಯುತ್ತದೆ, ಕಬ್ಬಿಣ ಮಾತ್ರ ತೂತುತೂತಾದ ಮುದ್ದೆಯಾಗಿ ಒಳಗೇ ಕೂರುತ್ತದೆ. ಅದನ್ನು ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು ಹದಕ್ಕೆ ತರಬೇಕು.

ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಬ್ಬಿಣ ಇನ್ನೂ ಬಾರದ ನವಶಿಲಾಯುಗದ ಜನ ಡಾಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡಿದರು. ಅವುಗಳನ್ನು ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತಗ್ಗುಗಳ ಮೇಲೆ ಇಂದಿಗೂ ಬೆರಳಾಡಿಸಬಹುದು. ಅಲ್ಲೂ ನುರಿತ ಕೈಗಳಿದ್ದವು, ನಿಜ. ಆದರೆ ಮೊಂಡಾದ ಕಲ್ಲುಕೊಡಲಿಯನ್ನು ತಾಳ್ಮೆಯಿದ್ದವರು ಮನೆಯಂಗಳದಲ್ಲೇ ಮಸೆದುಕೊಳ್ಳಬಹುದಿತ್ತು. ಮುರಿದ ಕಬ್ಬಿಣದ ಕೊಡಲಿಗೆ ಕಮ್ಮಾರನೇ ಬೇಕು. ಕಮ್ಮಾರನಿಗೆ ಅದಿರು ಗುರುತಿಸುವವರು, ಇದ್ದಲು ಸುಡುವವರು, ತಿದಿ ಒತ್ತುವವರು ಬೇಕು. ಇವರೆಲ್ಲರ ಹೊಟ್ಟೆಗೆ ಬೇರೊಬ್ಬರ ಕಣದಿಂದ ಕಾಳು ಬರಬೇಕು. ಲೋಹ ತಂದ ದೊಡ್ಡ ಬದಲಾವಣೆ ಈ ಋಣದ ಜಾಲ ಎಂಬುದು ನನ್ನ ಅಭಿಪ್ರಾಯ. ಬೃಹತ್ ಶಿಲಾ ಸಮಾಧಿಗಳಲ್ಲಿ ಸತ್ತವರ ಜೊತೆ ಕಬ್ಬಿಣದ ಈಟಿ, ಬಾಣದ ಮೊನೆಗಳನ್ನು ಇಟ್ಟಿರುವುದನ್ನು ಕಂಡಾಗಲೆಲ್ಲ ಇಷ್ಟು ಜನರ ದುಡಿಮೆಯನ್ನು ಮಣ್ಣಿಗೆ ಒಪ್ಪಿಸಿದವರ ಅಂತಸ್ತು ಎಂಥದ್ದಿರಬೇಕು ಎಂದು ಯೋಚಿಸುತ್ತೇನೆ.

ಕಬ್ಬಿಣ ಬಂದೊಡನೆ ಕಲ್ಲು ಮೂಲೆ ಸೇರಿತು ಎಂದು ಪಾಠ ಹೇಳುವುದು ತಪ್ಪು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ ನವಶಿಲಾಯುಗದ ಬದುಕೂ ಹೊಸ ಕಬ್ಬಿಣವೂ ಬೆರೆತ ಪದರವೇ ಸಿಕ್ಕಿತು. ಅಲ್ಲಿನ ಇದ್ದಲಿನ ಕಾಲಮಾಪನ ಕಬ್ಬಿಣವನ್ನು ಕ್ರಿ.ಪೂ. 1000ರ ಸುಮಾರಿಗೆ ಒಯ್ದಿತು.

ಆದ್ದರಿಂದ ರೈತರಲ್ಲಿ ನನ್ನದೊಂದು ಬೇಡಿಕೆ. ಕಿಟ್ಟ ಸಿಕ್ಕರೆ ಬದುವಿನಾಚೆ ಎಸೆಯಬೇಡಿ, ತೊಳೆಯಲೂ ಬೇಡಿ. ಸಿಕ್ಕ ಜಾಗವನ್ನು ಗುರುತಿಟ್ಟುಕೊಂಡು ತಿಳಿಸಿ. ಗುಳ್ಳೆಗಳ ನಡುವೆ ಉಗುರಿನಷ್ಟು ಇದ್ದಲು ಅಂಟಿಕೊಂಡಿದ್ದರೂ ಆ ಕುಲುಮೆ ಉರಿದ ಕಾಲವನ್ನು ಅಳೆಯಬಹುದು.