ಕೊಟ್ಟಿಗೆ ಕಾಯುತ್ತಿದ್ದ ಕರಿ ಹೋತ ಸೈತಾನನಾದದ್ದು

ಸ್ಪೇನ್-ಫ್ರಾನ್ಸ್ ಗಡಿಯಲ್ಲಿ ಬಾಸ್ಕ್ ಎಂಬ ಜನರ ಹಳ್ಳಿಗಳಲ್ಲಿ ಹಳೇ ಮನೆಗಳ ಬಾಗಿಲಿಗೆ ಒಣಗಿದ ಮುಳ್ಳುಹೂವೊಂದನ್ನು ಮೊಳೆ ಹೊಡೆದು ಸಿಕ್ಕಿಸಿರುತ್ತಾರೆ. ನಡುವೆ ದುಂಡಗೆ, ಸುತ್ತ ಬಿಸಿಲ ಕಿರಣದಂಥ ಎಸಳು. ಹೆಸರು ಎಗುಸ್ಕಿಲೋರೆ, ಅಂದರೆ ಸೂರ್ಯನ ಹೂ. ರಾತ್ರಿ ಬರುವ ಕೆಟ್ಟ ಶಕ್ತಿ ಒಳಗೆ ಕಾಲಿಡಬೇಕಾದರೆ ಈ ಹೂವಿನ ಎಳೆಗಳನ್ನೆಲ್ಲ ಎಣಿಸಬೇಕಂತೆ. ಲೆಕ್ಕ ಮುಗಿಯುವುದರೊಳಗೆ ಬೆಳಗಾಗಿಬಿಡುತ್ತದೆ!

ಯಾರ ಭಯಕ್ಕೆ ಇದೆಲ್ಲ? ಒಬ್ಬ ಗಾವೆಕೊ. ಕತ್ತಲಲ್ಲಿ ಪಂಥ ಕಟ್ಟಿ ಹೊರಗೆ ಹೋದವರನ್ನು ಹಿಡಿಯುವವನು. ‘ರಾತ್ರಿ ರಾತ್ರಿಯವರಿಗೆ, ಹಗಲು ಹಗಲಿನವರಿಗೆ’ ಅನ್ನುವುದು ಅವನ ಮಾತು. ಇನ್ನೊಬ್ಬ ಇಂಗುಮಾ, ಮಲಗಿದವರ ಗಂಟಲು ಹಿಸುಕುವವನು. ಎಚ್ಚರವಿದ್ದರೂ ಕೈಕಾಲು ಆಡದ, ಎದೆ ಮೇಲೆ ಯಾರೋ ಕೂತಂತಾಗುವ ಆ ಅನುಭವ ಗೊತ್ತಲ್ವಾ? ಅದೇ.

ಆದರೆ ನನಗೆ ಜಾಸ್ತಿ ಕಾಡುವುದು ಅಕೆರ್‌ಬೆಲ್ಟ್ಸ್, ಅಂದರೆ ಕರಿ ಹೋತ. ಇವನು ಮೊದಲಿಂದ ಕೆಟ್ಟವನಲ್ಲ. ದನಕರುಗಳಿಗೆ ರೋಗ ತಾಗದಿರಲಿ ಅಂತ ಕೊಟ್ಟಿಗೆಯಲ್ಲಿ ಕರಿ ಹೋತ ಕಟ್ಟುತ್ತಿದ್ದರು. ಬಾಸ್ಕ್ ಭಾಷೆಯಲ್ಲಿ ಹೋತಕ್ಕೆ ‘ಅಕೆರ್’, ಹುಲ್ಲುಗಾವಲಿಗೆ ‘ಲಾರ್ರೆ’. ಎರಡೂ ಸೇರಿದ ‘ಅಕೆಲಾರ್ರೆ’ ಎಂಬ ಪದ ಮುಂದೆ ಮಾಟಗಾತಿಯರ ಸಭೆಯ ಹೆಸರಾಯಿತು, ಹೋತ ಆ ಸಭೆಯ ಯಜಮಾನ ಸೈತಾನನಾದ.

ಇದಕ್ಕೆ ಊರವರ ಕತೆಗಿಂತ ಕೋರ್ಟಿನ ಕಾಗದಗಳ ಕೊಡುಗೆಯೇ ದೊಡ್ಡದು. 1609ರಲ್ಲಿ ಫ್ರಾನ್ಸ್ ಕಡೆ ನ್ಯಾಯಾಧೀಶ ಪಿಯೆರ್ ದ ಲಾಂಕ್ರ್ ಮಾಟಗಾತಿಯರ ಬೇಟೆಗಿಳಿದ. ಸ್ಪೇನ್ ಕಡೆ ಸುಗರ್ರಮುರ್ದಿ ಎಂಬ ಪುಟ್ಟ ಹಳ್ಳಿಯವರನ್ನು ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯ ಹಿಡಿದೊಯ್ದಿತು. 1610ರ ನವೆಂಬರಿನಲ್ಲಿ ಲೋಗ್ರೊನ್ಯೊ ಪಟ್ಟಣದಲ್ಲಿ ಆರು ಜನರನ್ನು ಸುಟ್ಟರು. ಜೈಲಿನಲ್ಲೇ ಸತ್ತಿದ್ದ ಐವರನ್ನೂ ಬಿಡಲಿಲ್ಲ, ಅವರ ಹೆಸರಿನ ಗೊಂಬೆಗಳನ್ನು ಸುಟ್ಟರು.

ಲೋಗ್ರೊನ್ಯೊದ ಈ ವಿಚಾರಣೆ ನಡೆಸಿದ ಮೂವರು ವಿಚಾರಕರಲ್ಲಿ ಸಲಾಸಾರ್ ಎಂಬವನಿಗೆ ಅನುಮಾನ ಹೋಗಲಿಲ್ಲ. 1611ರಲ್ಲಿ ಹಳ್ಳಿ ಹಳ್ಳಿ ಸುತ್ತಿದ. ತಪ್ಪೊಪ್ಪಿಕೊಂಡ 1,802 ಜನರಲ್ಲಿ 1,384 ಮಂದಿ ಮಕ್ಕಳು! ಮಾಟದ ಮುಲಾಮು ಅಂತ ತಂದುಕೊಟ್ಟದ್ದನ್ನು ಪ್ರಾಣಿಗಳಿಗೆ ತಿನ್ನಿಸಿ ನೋಡಿಸಿದ. ಏನೂ ಆಗಲಿಲ್ಲ. ಮಾತಾಡಿ, ಬರೆದು ಹಬ್ಬಿಸುವ ತನಕ ಅಲ್ಲಿ ಮಾಟಗಾತಿಯರೇ ಇರಲಿಲ್ಲ ಅಂತ ವರದಿ ಕೊಟ್ಟ. 1614ರಲ್ಲಿ, ಸುಲಭಕ್ಕೆ ಯಾರನ್ನೂ ಶಿಕ್ಷಿಸದಂತೆ ವಿಚಾರಣೆಯ ನಿಯಮಗಳು ಬಿಗಿಯಾದವು.

ಹೋತದ ಹಳೇ ಕತೆ ಪೂರ್ತಿ ಸತ್ತಿರಲಿಲ್ಲ. 20ನೇ ಶತಮಾನದಲ್ಲಿ ಹೊಲಮನೆಗಳ ಒಲೆ ಮುಂದೆ ಕೂತು ಅದನ್ನು ಬರೆದುಕೊಂಡವರು ಹೊಸೆ ಮಿಗೆಲ್ ದೆ ಬಾರಂದಿಯಾರನ್. 1889ರಲ್ಲಿ ಅತಾವುನ್ ಎಂಬ ಊರಿನಲ್ಲಿ ಹುಟ್ಟಿ 101 ವರ್ಷ ಬದುಕಿದವರು. ಕೆಲಸ? ಚರ್ಚಿನ ಪಾದ್ರಿ.