ಟವೆಲ್ ಒರಟಾದರೆ ಮೊದಲು ಸೋಪಿನ ಪುಡಿ ಕಡಿಮೆ ಮಾಡಿ

ಕಾರವಾರದಲ್ಲಿ ಲಾಂಡ್ರಿ ನಡೆಸುವ ನನಗೆ ಮಳೆಗಾಲದಲ್ಲಿ ಬರುವ ದೂರುಗಳು ಮುಖ್ಯವಾಗಿ ಎರಡು. ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ, ಟವೆಲ್ ನೀರು ಹೀರುವುದಿಲ್ಲ. ಎರಡಕ್ಕೂ ಮನೆಯಲ್ಲಿ ಆಗಲೇ ಮದ್ದು ಆಗಿರುತ್ತದೆ: ಬಟ್ಟೆಯ ಒರಟುತನ ಹೋಗಲಿ ಎಂದು ಕೊನೆಯ ಜಾಲಿಗೆ ಹಾಕುವ ಸಾಫ್ಟ್‌ನರ್ ಇನ್ನೊಂದು ಮುಚ್ಚಳ ಜಾಸ್ತಿ. ಎರಡನೆಯ ದೂರಿಗೆ ಎಷ್ಟೋ ಸಲ ಆ ಮದ್ದೇ ಕಾರಣ.

ಸಾಫ್ಟ್‌ನರ್‌ನಲ್ಲಿರುವುದು ಧನ ವಿದ್ಯುದಂಶವಿರುವ ಜಿಡ್ಡಿನ ಅಣುಗಳು. ನೀರಿನಲ್ಲಿ ನೆನೆದ ಹತ್ತಿಯ ಎಳೆಗೆ ಋಣ ವಿದ್ಯುದಂಶ. ಹಾಗಾಗಿ ಅವು ಬಟ್ಟೆಗೆ ಅಂಟಿ ತೆಳುವಾದ ಪದರವಾಗುತ್ತವೆ. ಕೈಗೆ ನುಣುಪು, ಮೂಗಿಗೆ ಪರಿಮಳ. ಆದರೆ ಮೈ ಒರೆಸಲು ಹೋದರೆ ನೀರು ಜಾರುತ್ತದೆ. ಮೊಬೈಲ್‌ನಲ್ಲಿ ಹರಿದಾಡುವ ಒಂದು ‘ನೈಸರ್ಗಿಕ’ ವಿಧಾನದಲ್ಲಿ ತಲೆಗೂದಲಿನ ಕಂಡೀಷನರನ್ನು ನೀರಿಗೆ ಕಲಸಲು ಹೇಳುತ್ತಾರೆ. ಕಂಡೀಷನರ್‌ನಲ್ಲಿರುವುದೂ ಇದೇ ಜಾತಿಯ ರಾಸಾಯನಿಕ. ಬಾಟಲಿ ಬದಲಾಯಿತು, ಅಷ್ಟೇ.

ಒರಟುತನಕ್ಕೆ ದೊಡ್ಡ ಕಾರಣ ಸರಿಯಾಗಿ ಜಾಲಿಸದೆ ಉಳಿದ ಸೋಪಿನ ಪುಡಿ. ಶಿರಸಿ, ಸಿದ್ದಾಪುರದ ಕಡೆ ಬಾವಿಯ ನೀರು ಸಾಮಾನ್ಯವಾಗಿ ಮೆದು, ಅಂದರೆ ಸುಣ್ಣದಂಶ ಕಡಿಮೆ. ಸ್ವಲ್ಪ ಪುಡಿಗೇ ರಾಶಿ ನೊರೆ ಬರುತ್ತದೆ, ಬೇಗ ಹೋಗುವುದೂ ಇಲ್ಲ. ಅಂಥಲ್ಲಿ ಈಗ ಹಾಕುವ ಪುಡಿಯಲ್ಲಿ ಅರ್ಧ ಸಾಕು. ಕಾಳಿ ನದಿಯ ಅಳಿವೆಯ ಆಸುಪಾಸಿನವರ ಕಷ್ಟ ಬೇರೆ. ಬೇಸಿಗೆಯಲ್ಲಿ ಬಾವಿ ಉಪ್ಪಾದರೆ ಆ ಉಪ್ಪು ಬಟ್ಟೆಯಲ್ಲೇ ಕುಳಿತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಯಾವ ಮನೆಮದ್ದೂ ಇಲ್ಲ. ಕೊನೆಯ ಜಾಲಿಗಾದರೂ ಸಿಹಿನೀರು ಬೇಕು.

ಇಷ್ಟಾದ ಮೇಲೆ ವಿನೆಗರ್. ಬಿಳಿಯದೇ ಆಗಬೇಕು. ಒಂದು ಬಕೆಟ್ ನೀರಿಗೆ ಕಾಲು ಲೋಟ, ಕೊನೆಯ ಜಾಲಿಗೆ ಮಾತ್ರ. ಸೋಪಿನ ಪುಡಿ ಕ್ಷಾರ, ಇದು ಆಮ್ಲ. ಉಳಿದ ಕ್ಷಾರವನ್ನೂ ಗಡಸು ನೀರು ಬಿಟ್ಟುಹೋದ ಸುಣ್ಣವನ್ನೂ ತೆಗೆಯುತ್ತದೆ. ಹುಳಿ ವಾಸನೆ ಒಣಗುತ್ತಲೇ ಹೋಗುತ್ತದೆ. ಯಂತ್ರದಲ್ಲಿ ನಿತ್ಯವೂ ಸುರಿಯಬೇಡಿ, ರಬ್ಬರಿನ ಭಾಗಗಳಿಗೆ ಒಳ್ಳೆಯದಲ್ಲ. ಅಡುಗೆ ಸೋಡವನ್ನು ಇದರ ಜೊತೆ ಬೆರೆಸಿದರೆ ಬುಸ್ಸೆಂದು ಉಕ್ಕಿ ಎರಡೂ ಒಂದನ್ನೊಂದು ಕೆಡಿಸಿಕೊಳ್ಳುತ್ತವೆ. ಬ್ಲೀಚಿಂಗ್ ದ್ರಾವಣದ ಜೊತೆಗಂತೂ ಎಂದೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಹುಳಿ ಎಂದಮೇಲೆ ಮುರುಗಲು (ಕೋಕಂ) ಆಗದೇ ಎಂದು ಕೇಳುವವರೂ ಇದ್ದಾರೆ. ಸಾರಿಗೆ ಚೆಂದ, ಬಿಳಿ ಪಂಚೆ ಕೆಂಪಾಗುತ್ತದೆ.

ಅಂಟುವಾಳವನ್ನೂ ನೈಸರ್ಗಿಕ ಸಾಫ್ಟ್‌ನರ್ ಎನ್ನುವವರಿದ್ದಾರೆ. ಅದು ಸಾಫ್ಟ್‌ನರ್ ಅಲ್ಲ, ಸೋಪು. ರೇಷ್ಮೆ, ಉಣ್ಣೆಗೆ ಅದರಷ್ಟು ಸೌಮ್ಯವಾದದ್ದು ಕಡಿಮೆ. ಬೀಜ ತೆಗೆದು ಕುದಿಸಿ ಸೋಸಿದ ನೀರನ್ನು ಎರಡು ದಿನದೊಳಗೆ ಮುಗಿಸಿ, ಬೇಗ ಹಳಸುತ್ತದೆ.

ಇನ್ನು ಒಣಗಿಸುವುದು. ಹತ್ತಿ ಬಟ್ಟೆ ಒಣಗಿದಾಗ ಸೆಟೆದುಕೊಳ್ಳಲು ಎಳೆಗಳ ನಡುವೆ ಉಳಿಯುವ ಅತಿ ಸ್ವಲ್ಪ ನೀರು ಗೋಂದಿನಂತೆ ಹಿಡಿಯುವುದೇ ಕಾರಣವೆಂದು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕಂಪನಿಯ ಜೊತೆಗೂಡಿ 2020ರಲ್ಲಿ ತೋರಿಸಿದರು. ಆ ಹಿಡಿತ ಬಿಡಿಸಲು ಹಗ್ಗಕ್ಕೆ ಹಾಕುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಟವೆಲನ್ನು ಜೋರಾಗಿ ಕೊಡವಿ. ನಮ್ಮ ಆಷಾಢದಲ್ಲಿ ಬಿಸಿಲಿನ ಮಾತೇ ಇಲ್ಲ. ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹರವಿದರೆ ಮುಗ್ಗಲು ಹಿಡಿಯುವ ಮೊದಲೇ ಒಣಗುತ್ತದೆ. ಜಿಡ್ಡು ಹಿಡಿದ ಹಳೆಯ ಟವೆಲ್‌ಗಳನ್ನು ಸಾಫ್ಟ್‌ನರ್ ಇಲ್ಲದೆ ಬಿಸಿನೀರಿನಲ್ಲಿ ನಾಲ್ಕಾರು ಸಲ ಒಗೆಯಿರಿ, ಮತ್ತೆ ನೀರು ಹೀರತೊಡಗುತ್ತವೆ.