ಒಂದೇ ಬದುಕು, ಎರಡು ಪುಸ್ತಕ: ಕಾದಂಬರಿ ಮತ್ತು ಆತ್ಮಕಥೆ ಓದಿ ಮಾಡ್ಕೊಂಡ ಟಿಪ್ಪಣಿ

ಆತ್ಮಕಥೆ ಅಂದ್ರೆ ನಡೆದದ್ದು, ಕಾದಂಬರಿ ಅಂದ್ರೆ ಕಟ್ಟಿದ್ದು ಅಂತ ನಾವೆಲ್ಲ ಪರೀಕ್ಷೇಲಿ ಬರ್ದು ಬಂದಿರ್ತೀವಿ, ಮಾರ್ಕ್ಸೂ ಸಿಕ್ಕಿರುತ್ತೆ. ಆದ್ರೆ ಪುಸ್ತಕ ಕೈಗೆತ್ಕೊಂಡು ಕೂತಾಗ ಈ ಉತ್ತರದಿಂದ ನಯಾಪೈಸೆ ಉಪಯೋಗ ಇಲ್ಲ. ಈಚೆಗೆ ಕೆಲವು ಕಾದಂಬರಿ, ಆತ್ಮಕಥೆಗಳನ್ನ ಒಂದರ ಬೆನ್ನಿಗೆ ಒಂದು ಓದಿ ಮುಗಿಸಿದ್ಮೇಲೆ ನಂಗೆ ಅನ್ನಿಸಿದ್ದು ಇಷ್ಟೇ: "ಇದು ನಿಜವಾಗ್ಲೂ ನಡೀತಾ?" ಅಂತ ಕೇಳೋದನ್ನ ಸ್ವಲ್ಪ ಪಕ್ಕಕ್ಕಿಟ್ಟು, "ಹೇಳ್ತಿರೋರಿಗೆ ಆಗ ಎಷ್ಟು ಗೊತ್ತಿತ್ತು, ಈಗ ಎಷ್ಟು ಗೊತ್ತು, ಇನ್ನೊಬ್ಬರ ತಲೆಯೊಳಗೆ ಹೋಗೋಕೆ ಅವರಿಗೆ ದಾರಿ ಇದ್ಯಾ" ಅಂತ ಕೇಳಿ ನೋಡಿ. ಪುಸ್ತಕ ಬೇರೆ ಥರಾನೇ ಕಾಣುತ್ತೆ.

ಇದಕ್ಕೆ ಎಸ್.ಎಲ್. ಭೈರಪ್ಪನವರಷ್ಟು ಒಳ್ಳೆ ಉದಾಹರಣೆ ಇನ್ನೊಂದಿಲ್ಲ ಅನ್ಸುತ್ತೆ, ಯಾಕಂದ್ರೆ ಅವರು ಹೆಚ್ಚುಕಮ್ಮಿ ಒಂದೇ ಬಾಲ್ಯವನ್ನ ಎರಡು ಸಲ ಬರೆದಿದ್ದಾರೆ. ಗೃಹಭಂಗ ಬಂದಿದ್ದು 1970ರಲ್ಲಿ, ಆತ್ಮಕಥೆ ಭಿತ್ತಿ 1996ರಲ್ಲಿ. ಮೊದಲು ಕಾದಂಬರಿ, ಆಮೇಲೆ ಆತ್ಮಕಥೆ, ಈ ಕ್ರಮ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ. ಎರಡರಲ್ಲೂ ಹಾಸನ-ತಿಪಟೂರು ಕಡೆಯ ಹಳ್ಳಿ, ಪ್ಲೇಗು, ಬಡತನ, ಜವಾಬ್ದಾರಿ ಅನ್ನೋದೇ ಗೊತ್ತಿಲ್ಲದ ಅಪ್ಪ, ಇಡೀ ಸಂಸಾರ ಹೆಗಲ ಮೇಲೆ ಹೊತ್ಕೊಂಡ ಅಮ್ಮ.

ಗೃಹಭಂಗದ ನಂಜಮ್ಮನ್ನ ನೋಡಿ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯೋಳು ಇವಳು. ಅದು ಸಾಲ್ದು ಅಂತ ಮುತ್ತುಗದ ಎಲೆ ತಂದು ಊಟದ ಎಲೆ ಹಚ್ಚಿ ಮಾರ್ತಾಳೆ. ಈ ಎಲೆ ಹಚ್ಚೋದು, ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕೋದು, ಇಂಥ ಕೆಲಸಗಳು ಕಾದಂಬರಿ ಉದ್ದಕ್ಕೂ ಮತ್ತೆ ಮತ್ತೆ ಬರ್ತಾನೇ ಇರ್ತವೆ, ಮೊದಲ ಓದಿಗೆ ಬೋರೂ ಅನ್ನಿಸ್ಬಹುದು, ಆದ್ರೆ ಗಮನಿಸಿ, ಆಕೆ ದುಃಖದಲ್ಲಿದ್ದಾಳೆ ಅಂತ ಲೇಖಕ ಎಲ್ಲೂ ದೊಡ್ಡದಾಗಿ ಸಾರೋಕೆ ಹೋಗಲ್ಲ, ಕೈ ಏನ್ ಮಾಡ್ತಿದೆ ಅಂತ ಅಷ್ಟೇ ತೋರಿಸ್ತಾರೆ, ಮಧ್ಯೆ ಮಧ್ಯೆ ಆಕೆ ಮನಸ್ಸಲ್ಲಿ ಏನ್ ಓಡ್ತಿದೆ ಅಂತ ಒಳಗೆ ಹೋಗಿ ಬರ್ತಾರೆ. ಆ ಒಳಗೆ ಹೋಗಿ ಬರೋದಿದ್ಯಲ್ಲ, ಅದು ಕಾದಂಬರಿಕಾರನಿಗೆ ಮಾತ್ರ ಇರೋ ಸೌಲಭ್ಯ. ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರೂ ಪ್ಲೇಗಿಗೆ ಹೋದಾಗ ನಮಗೆ ಆ ತಾಯಿಯ ಪಕ್ಕದಲ್ಲೇ ಕೂತಂಗಾಗುತ್ತೆ. ನಾನು ಅಲ್ಲಿ ಪುಸ್ತಕ ಮಗುಚಿಟ್ಟು ಎದ್ದು ಹೋದೆ, ಮುಂದೆ ಓದೋಕಾಗ್ಲಿಲ್ಲ.

ಈಗ ಭಿತ್ತಿಗೆ ಬನ್ನಿ. ಇಲ್ಲೂ ಪ್ಲೇಗು ಮನೆಯವರನ್ನ ತಗೊಂಡು ಹೋಗುತ್ತೆ, ಆಮೇಲೆ ತಾಯೀನೂ ಪ್ಲೇಗಿಗೇ ಹೋಗ್ತಾರೆ. ಆದ್ರೆ ಹೇಳ್ತಿರೋದು ಆ ಮನೆಯ ಹುಡುಗ. ಹುಡುಗ ಕಂಡಷ್ಟೇ ನಮಗೂ ಕಾಣೋದು. ತಾಯಿಯ ಮನಸ್ಸಿನೊಳಗೆ ಏನಿತ್ತು ಅಂತ ಅವನಿಗೆ ಊಹೆ ಬಿಟ್ರೆ ಬೇರೆ ದಾರಿ ಇಲ್ಲ. ಹಾಗಾಗಿ ಭಿತ್ತೀಲಿ ಅಮ್ಮ ಹತ್ತಿರದವಳು, ಆದ್ರೆ ಒಳಗಿನಿಂದ ಅಪರಿಚಿತಳು. ತಮ್ಮನ ಹೆಣವನ್ನ ಹುಡುಗ ತಾನೇ ಹೆಗಲ ಮೇಲೆ ಹೊತ್ಕೊಂಡು ಸ್ಮಶಾನಕ್ಕೆ ಹೋಗೋ ಭಾಗ ಇದೆ, ಅದನ್ನ ಬರೆದಿರೋ ರೀತಿ ನೋಡಿ, ಎಷ್ಟು ಒಣಗಿದ ಗದ್ಯ ಅಂದ್ರೆ ಅಳೋಕೂ ಜಾಗ ಬಿಟ್ಟಿಲ್ಲ. ಅರವತ್ತು ದಾಟಿದ ಮನುಷ್ಯ ಬರೀತಿದ್ದಾರೆ, ಬೇಕಿದ್ರೆ ಒಂದು ಪುಟ ತತ್ವ ಹೇಳಬಹುದಿತ್ತು, ಫಿಲಾಸಫಿ ಮೇಷ್ಟ್ರು ಬೇರೆ! ಅಲ್ಲಿ ಹೇಳಲ್ಲ.

ಕ್ರಮ ನೆನಪಿಟ್ಕೊಳ್ಳಿ ಅಂದೆ ನೋಡಿ, ವಿಷಯ ಇದು. ಗೃಹಭಂಗ ಓದಿರೋರು ಭಿತ್ತಿ ಓದ್ವಾಗ ನಿಜವಾದ ತಾಯಿ ಮೇಲೆ ನಂಜಮ್ಮನ ನೆರಳು ಬಿದ್ದುಬಿಡುತ್ತೆ. ನಂಜಮ್ಮನ ಮನಸ್ಸು ನಮಗೆ ಗೊತ್ತು, ಅದನ್ನೇ ತಂದು ಈ ತಾಯಿಗೆ ಹಾಕ್ತೀವಿ. ಅಂದ್ರೆ ಆತ್ಮಕಥೇಲಿ ಲೇಖಕ ಹೇಳದೆ ಬಿಟ್ಟ ಜಾಗವನ್ನ ನಾವು ಅವರದ್ದೇ ಕಾದಂಬರಿಯಿಂದ ತುಂಬ್ತಿದ್ದೀವಿ. ಇದು ಸರಿಯಾ? ಸಂಶೋಧನೆ ಮಾಡೋರಿಗೆ ಖಂಡಿತ ಸರಿಯಲ್ಲ, ಕಾದಂಬರಿಯ ಮಾತನ್ನ ಜೀವನಚರಿತ್ರೆಗೆ ಪುರಾವೆ ಅಂತ ಕೊಡೋದು ನಮ್ಮಲ್ಲಿ ಬಹಳ ನಡೆಯುತ್ತೆ, ಅದು ತಪ್ಪು. ನಂಜಮ್ಮನ ಕಿರಿ ಮಗ ವಿಶ್ವ ಅಂದ್ರೆ ಭೈರಪ್ಪ ಅಂತ ಸಲೀಸಾಗಿ ಬರ್ದುಬಿಡ್ತಾರೆ. ಕಾದಂಬರಿ ಕೊನೇಲಿ ವಿಶ್ವ ಮಾದೇವಯ್ಯ ಅನ್ನೋ ಹಿರಿಯರ ಜೊತೆ ಊರು ಬಿಟ್ಟು ಹೋಗ್ತಾನೆ, ಅಲ್ಲಿಗೆ ಕಥೆ ನಿಲ್ಲುತ್ತೆ, ಆದ್ರೆ ಭಿತ್ತಿಯ ಹುಡುಗನಿಗೆ ಹಾಗೆ ಕೈ ಹಿಡ್ಕೊಂಡು ಹೋಗೋರು ಯಾರೂ ಸಲೀಸಾಗಿ ಸಿಗಲ್ಲ, ಭಿಕ್ಷೆ ಎತ್ತಿ ಓದ್ಬೇಕು, ಸಿಕ್ಕ ಸಿಕ್ಕ ಕೆಲಸ ಮಾಡ್ಬೇಕು, ಬೊಂಬಾಯಿಗೆ ಓಡಿ ಹೋಗಿ ಕೂಲಿ ಮಾಡ್ಬೇಕು. ಕಾದಂಬರಿ ತನ್ನ ಹುಡುಗನಿಗೆ ಕೊಟ್ಟ ಒಂದು ದಯೆಯನ್ನ ಬದುಕು ಕೊಟ್ಟಿರಲಿಲ್ಲ ಅಂತ ನನ್ನ ಓದು. ಒಪ್ಪದೇ ಇರೋರು ಇದ್ದೀರಿ, ಗೊತ್ತು.

ಚೆನ್ನಿಗರಾಯನ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಆ ಬೈಗುಳ, ಆ ಊಟದ ಚಪಲ, ಓದ್ತಾ ನಗು ಬರುತ್ತೆ, ನಕ್ಕಿದ್ದಕ್ಕೆ ನಾಚಿಕೇನೂ ಆಗುತ್ತೆ. ಮನೆ ಮುಳುಗ್ತಿದ್ರೂ ಎಲೆ ಮುಂದೆ ಕೂತ್ರೆ ಅವನಿಗೆ ಬೇರೆ ಲೋಕ ಇಲ್ಲ. ಕಾದಂಬರಿ ಅವನನ್ನ ಖಳನಾಯಕ ಮಾಡಿಲ್ಲ, ಅದೇ ಭಯಂಕರ.

ಇನ್ನು ದಲಿತ ಕವಿ ಸಿದ್ಧಲಿಂಗಯ್ಯನವರ ಊರುಕೇರಿ. ಇದು ಆತ್ಮಕಥೆ, ಆದ್ರೆ ಭಿತ್ತಿಗಿಂತ ತೀರಾ ಬೇರೆ ಥರದ ಬರವಣಿಗೆ. ಮಾಗಡಿ ತಾಲೂಕಿನ ಮಂಚನಬೆಲೆಯ ಬಾಲ್ಯದಿಂದ ಶುರುವಾಗಿ ಬೆಂಗಳೂರಿನ ಶ್ರೀರಾಂಪುರಕ್ಕೆ ಬರುತ್ತೆ. ಶುರುವಿನಲ್ಲೇ ಬರೋ ಒಂದು ದೃಶ್ಯ ಕನ್ನಡ ಓದೋರಿಗೆಲ್ಲ ಗೊತ್ತಿರ್ಬೇಕು: ಹೊಲದಲ್ಲಿ ಎತ್ತುಗಳ ಬದಲಿಗೆ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇಟ್ಟು ಹಿಂದೆ ಇನ್ನೊಬ್ಬ ಉಳ್ತಾ ಇದ್ದಾನೆ, ಆ ಇಬ್ಬರಲ್ಲಿ ಒಬ್ಬರು ಹುಡುಗನ ಅಪ್ಪ. ಹುಡುಗನಿಗೆ ಮೊದಲು ಅದು ಒಂಥರಾ ತಮಾಷೆಯಾಗಿ, ವಿಚಿತ್ರವಾಗಿ ಕಾಣುತ್ತೆ.

ಇಲ್ಲಿ ನಿಲ್ಲಿ, ಮುಂದಕ್ಕೆ ಓಡ್ಬೇಡಿ. ಇದನ್ನ ಬರೀತಿರೋರು ಯಾರು? 1975ರಲ್ಲೇ ಹೊಲೆಮಾದಿಗರ ಹಾಡು ತಂದ ಕವಿ, ಸಿಟ್ಟಿನ ಪದ್ಯಗಳಿಗೆ ಹೆಸರಾದವರು. ದೊಡ್ಡವರಾದ ಮೇಲೆ ಆ ದೃಶ್ಯದ ಅರ್ಥ ಅವರಿಗೆ ನೂರಕ್ಕೆ ನೂರು ಗೊತ್ತು. ಗೊತ್ತಿದ್ರೂ ಆ ಗೊತ್ತಿರೋದನ್ನ ಹುಡುಗನ ಬಾಯಿಗೆ ತುರುಕಿಲ್ಲ. ಹುಡುಗ ನೋಡಿದ್ದನ್ನ ಹುಡುಗ ನೋಡಿದಷ್ಟೇ ಇಟ್ಟಿದ್ದಾರೆ. ಸಿಟ್ಟು ಬರೋ ಕೆಲಸ ಓದುಗನ ಪಾಲಿಗೆ ಬಿಟ್ಟಿದ್ದು. ಅದಕ್ಕೇ ಊರುಕೇರೀಲಿ ಅಷ್ಟು ಹಾಸ್ಯ, ದೆವ್ವ, ಹಾಸ್ಟೆಲಿನ ಕಿತಾಪತಿ ಎಲ್ಲ ತುಂಬಿದ್ರೂ ಪುಸ್ತಕ ಹಗುರ ಅನ್ಸಲ್ಲ. "ನಗಿಸ್ತಾರೆ, ಹಾಗಾಗಿ ಪ್ರತಿಭಟನೆ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ಈ ಮೊದಲ ಪುಟಗಳನ್ನ ಮತ್ತೆ ಓದಿ ಅನ್ನಿ.

ಸೆಮಿನಾರಲ್ಲಿ ಮಾತಾಡೋರಿಗೆ ಒಂದು ಪ್ರಶ್ನೆ ಕೊಡ್ತೀನಿ: ಭಿತ್ತೀಲೂ ಹುಡುಗನ ಕಣ್ಣು, ಊರುಕೇರೀಲೂ ಹುಡುಗನ ಕಣ್ಣು, ಹಾಗಿದ್ರೆ ಒಂದು ಯಾಕೆ ಅಷ್ಟು ಬಿಗಿ, ಇನ್ನೊಂದು ಯಾಕೆ ಅಷ್ಟು ಸಡಿಲ? ನನ್ನ ಉತ್ತರ: ಭಿತ್ತಿಯ ನಿರೂಪಕ ಒಬ್ಬಂಟಿ, ತಾನು ಹೇಗೆ ಬದುಕಿ ಉಳಿದೆ ಅನ್ನೋದು ಅವನ ಕಥೆ. ಊರುಕೇರಿಯಲ್ಲಿ "ನಾನು" ಅನ್ನೋನು ಕೇರಿಯ ಜನರ ಮಧ್ಯೆ ಒಬ್ಬ, ಎಷ್ಟೋ ಕಡೆ ಅವನಿಗಿಂತ ಪಕ್ಕದಲ್ಲಿರೋರೇ ಮುಖ್ಯ.

ಉತ್ತಮ ಪುರುಷ ನಿರೂಪಣೆ, ಅಂದ್ರೆ "ನಾನು" ಅಂತ ಹೇಳೋ ಕಥೆ ಅಂದ ತಕ್ಷಣ ಆತ್ಮಕಥೆ ಅಂದ್ಕೊಳ್ಳೋರಿಗೆ ವಿವೇಕ ಶಾನಭಾಗರ ಘಾಚರ್ ಘೋಚರ್ ಕೊಡ್ಬೇಕು. 2013ರ ಪುಟ್ಟ ಕಾದಂಬರಿ, ಒಂದೇ ಸಲ ಕೂತು ಓದಿದ್ರೆ ಮುಗಿಯುತ್ತೆ. ಕಾಫಿ ಹೌಸಲ್ಲಿ ಕೂತು ಮಾತಾಡೋ ಈ ನಿರೂಪಕನಿಗೆ ಹೆಸರೇ ಇಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಮನೆಗೆ ದುಡ್ಡು ಬಂದಿದೆ, ಇವನು ಹೆಸರಿಗೆ ಡೈರೆಕ್ಟರು, ಕೆಲಸ ಏನೂ ಇಲ್ಲ. ಚಿಕ್ಕಪ್ಪನನ್ನ ಹುಡುಕ್ಕೊಂಡು ಒಬ್ಬ ಹೆಂಗಸು ಅಡುಗೆ ಮಾಡ್ಕೊಂಡು ಮನೆ ಬಾಗಿಲಿಗೆ ಬರ್ತಾಳಲ್ಲ, ಆ ದೃಶ್ಯ ನೋಡಿ, ಮನೆಯ ಹೆಂಗಸರು ಸೇರಿ ಅವಳನ್ನ ಬೈದು ಓಡಿಸ್ತಾರೆ, ತಂದ ಅಡುಗೆ ಚೆಲ್ಲಿ ಹೋಗುತ್ತೆ, ಇವನು ನೋಡ್ತಾ ನಿಂತಿರ್ತಾನೆ. ಆಮೇಲೆ ನಮಗೆ ಅದನ್ನ ತುಂಬಾ ಸಭ್ಯವಾಗಿ, ಸಮಾಧಾನವಾಗಿ ವಿವರಿಸ್ತಾನೆ ಬೇರೆ! ಆತ್ಮಕಥೇಲಿ ಹೇಳೋನಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತೆ ಅಂತ ನಂಬಿ ಓದ್ತೀವಿ. ಇಲ್ಲಿ ಉಲ್ಟಾ. ಅವನು ಒಪ್ಪಿಕೊಳ್ಳೋಕೆ ತಯಾರಿಲ್ಲದ್ದು ನಮಗೆ ಅವನಿಗಿಂತ ಮೊದಲೇ ಗೊತ್ತಾಗುತ್ತೆ. ಕೊನೆ ಹೇಳಲ್ಲ, ಓದಿಲ್ಲದೋರಿಗೆ ಅನ್ಯಾಯ ಆಗುತ್ತೆ. ನಿರೂಪಕನ ಹೆಂಡತಿ ಅನಿತಾ ಆ ಮನೆಗೆ ಬಂದ್ಮೇಲೆ ಕೇಳೋ ಒಂದೊಂದು ನೇರ ಪ್ರಶ್ನೆಗೂ ಗುರುತು ಹಾಕ್ಕೊಂಡು ಓದಿ, ಸಾಕು.

ಕುವೆಂಪು ಬಗ್ಗೆ ಚಿಕ್ಕದಾಗಿ, ಯಾಕಂದ್ರೆ ಅವರ ಆತ್ಮಕಥೆ "ನೆನಪಿನ ದೋಣಿಯಲ್ಲಿ" (1980) ನಂಗೆ ಕೆಲವು ಕಡೆ ಎಳೆದಂಗಾಯ್ತು, ನಿಜ ಹೇಳ್ಬೇಕಲ್ಲ. ದಿನಚರಿ, ಪದ್ಯ ಹುಟ್ಟಿದ ತಾರೀಕು ಇವೆಲ್ಲ ಇಟ್ಕೊಂಡು ಬರೆದ ದೊಡ್ಡ ಗ್ರಂಥ ಅದು, ನೆನಪನ್ನಷ್ಟೇ ನಂಬ್ಕೊಂಡಿಲ್ಲ, ದಾಖಲೆ ಬೇಕು ಅನ್ನೋ ಹಟ ಇದೆ. ಕವಿಯನ್ನ ಅಧ್ಯಯನ ಮಾಡೋರಿಗೆ ಚಿನ್ನ, ಸುಮ್ನೆ ಓದೋರಿಗೆ ತಾಳ್ಮೆ ಬೇಕು. ಅದೇ ಮನುಷ್ಯ ಮಲೆಗಳಲ್ಲಿ ಮದುಮಗಳು (1967) ಬರೀವಾಗ ನೋಡಿ, ತಾನು ಅನ್ನೋದನ್ನ ಪೂರ್ತಿ ಅಳಿಸಿ ಹಾಕಿ ಹೊಲೆಯರ ಗುತ್ತಿ, ತಿಮ್ಮಿ, ಕೊನೆಗೆ ಗುತ್ತಿಯ ನಾಯಿ ಹುಲಿಯನವರೆಗೂ ಎಲ್ಲರ ಒಳಗೂ ಹೊಕ್ಕು ಬರ್ತಾರೆ. ತುಂಗೆಯ ಪ್ರವಾಹದಲ್ಲಿ ಹುಲಿಯ ಹೋಗೋ ಪುಟಗಳನ್ನ ಯಾವ ಆತ್ಮಕಥೆಯೂ ಬರೆಯೋಕಾಗಲ್ಲ, ನಾಯಿಯ ಮನಸ್ಸಿಗೆ ಸಾಕ್ಷಿ ಯಾರು?

ಇದರ ಜೊತೆಗೆ ತೇಜಸ್ವಿಯವರ "ಅಣ್ಣನ ನೆನಪು" ಪುಸ್ತಕ ಇಟ್ಕೊಳ್ಳಿ. ಅವರು ಅಣ್ಣ ಅಂತ ಕರೀತಿದ್ದಿದ್ದು ತಂದೆ ಕುವೆಂಪುವನ್ನೇ. ಅಪ್ಪ ಬರೆದ ಅಪ್ಪ ಗಂಭೀರ, ಮಗ ಕಂಡ ಅಪ್ಪ ಮನೇಲಿ ಓಡಾಡೋ ಮನುಷ್ಯ, ಮಕ್ಕಳ ತರಲೆಗೆ ಸಿಕ್ಕಿ ಹಾಕ್ಕೊಳ್ಳೋರು. ತನ್ನ ಬಗ್ಗೆ ತಾನು ಬರೆಯೋನಿಗೆ ತನ್ನ ಬೆನ್ನು ಕಾಣಲ್ಲ ನೋಡಿ, ಮಗನಿಗೆ ಕಾಣುತ್ತೆ.

ಓದೋ ಕ್ರಮ ಕೇಳೋರಿಗೆ: ಊರುಕೇರಿಯಿಂದ ಶುರು ಮಾಡಿ, ಭಾಷೆ ಸಲೀಸು. ಆಮೇಲೆ ಘಾಚರ್ ಘೋಚರ್. ಗೃಹಭಂಗ, ಭಿತ್ತಿ ಎರಡನ್ನೂ ಒಟ್ಟಿಗೇ ಹಿಡಿಯಿರಿ, ಆದ್ರೆ ಸಾಧ್ಯ ಆದ್ರೆ ಭಿತ್ತಿ ಮೊದಲು ಓದಿ ನೋಡಿ, ನಂಜಮ್ಮನ ನೆರಳಿಲ್ಲದೆ ಆ ತಾಯಿ ನಿಮಗೆ ಹೇಗೆ ಕಾಣ್ತಾರೆ ಅಂತ ನಂಗೆ ಕುತೂಹಲ ಇದೆ, ನಂಗಂತೂ ಇನ್ನು ಹಾಗೆ ಓದೋಕೆ ಸಾಧ್ಯ ಇಲ್ಲ. ಮದುಮಗಳಿಗೆ ರಜೆ ಬೇಕು, ಪರೀಕ್ಷೆ ಹಿಂದಿನ ವಾರ ಮುಟ್ಟಬೇಡಿ.